ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಆರು ಭೇಟಿಗಳು: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಹಾಗೂ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಆಯುಕ್ತರಿಗೆ,

ನಮಸ್ಕಾರಗಳು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 29 ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಸೇವೆಯ ಕೊನೆಯ ಒಂಬತ್ತು ವರ್ಷ, ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ, ಆಪ್ತ ಸಮಾಲೋಚನಾ ಕೋಶದ ಸಂಚಾಲಕನಾಗಿಯೂ ಇದ್ದೆ. ಮನಶ್ಶಾಸ್ತ್ರದ ಒಂದಕ್ಷರವನ್ನೂ ಓದಿರದ ನನಗೆ ಆ ಹೊಣೆ ಬಂದದ್ದು ಹೇಗೆಂದರೆ, ಸಮಿತಿಗಳನ್ನು ಹಂಚಿದ ಸಭೆಯ ದಿನ ನಾನು ರಜೆಯಲ್ಲಿದ್ದೆ. ರಾಜ್ಯದ ಬಹುಪಾಲು ಕಾಲೇಜುಗಳಲ್ಲಿ ಈ ಕೋಶದ ಸಂಚಾಲಕರ ಆಯ್ಕೆ ಇದಕ್ಕಿಂತ ಹೆಚ್ಚು ವಿಚಾರಪೂರ್ವಕವಾಗಿ ನಡೆಯುತ್ತದೆ ಎಂದು ನಂಬಲು ನನ್ನ ಸಹೋದ್ಯೋಗಿಗಳ ಅನುಭವ ಅವಕಾಶ ಕೊಡುವುದಿಲ್ಲ.

ಕೋಶವೆಂದರೆ ನಮ್ಮಲ್ಲಿ ಏನಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗೋಡೆಗೆ ಹೊಡೆದ ಒಂದು ಫಲಕ, ಒಂದು ಮೊಹರು, ಒಂದು ಹಾಜರಿ ಪುಸ್ತಕ ಮತ್ತು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷದಲ್ಲಿ ಮಾತ್ರ ದಪ್ಪವಾಗುತ್ತಿದ್ದ ಒಂದು ಕಡತ. ವರ್ಷಕ್ಕೊಮ್ಮೆ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಆಸುಪಾಸಿನಲ್ಲಿ ಒಂದು ಉಪನ್ಯಾಸ ಏರ್ಪಡಿಸುತ್ತಿದ್ದೆವು. ಅತಿಥಿಗಳು ಆತ್ಮವಿಶ್ವಾಸದ ಬಗ್ಗೆ ಮಾತನಾಡುತ್ತಿದ್ದರು, ಹಾರ ಹಾಕುತ್ತಿದ್ದೆವು, ಫೋಟೊ ತೆಗೆಯುತ್ತಿದ್ದೆವು, ಫೋಟೊ ಕಡತಕ್ಕೆ ಹೋಗುತ್ತಿತ್ತು. ಮುನ್ನೂರು ಜನರ ಸಭಾಂಗಣದಲ್ಲಿ ಕುಳಿತ ಒಬ್ಬ ಹುಡುಗನಿಗೆ ಅವನದೇ ಆದ ಒಂದು ಸಂಕಟವಿದ್ದರೆ ಅದನ್ನು ಹೇಳಿಕೊಳ್ಳಲು ಆ ಇಡೀ ಏರ್ಪಾಟಿನಲ್ಲಿ ಎಲ್ಲಿಯೂ ಜಾಗವಿರಲಿಲ್ಲ. ಈ ಪತ್ರ ಆ ಜಾಗವನ್ನು ಕುರಿತದ್ದು. ಕಾಲೇಜಿನಲ್ಲಿ ತರಬೇತಿ ಪಡೆದ ಒಬ್ಬರು, ಒಬ್ಬ ವಿದ್ಯಾರ್ಥಿಯ ಎದುರು, ಒಂದು ಮುಚ್ಚಿದ ಕೋಣೆಯಲ್ಲಿ, ಐದಾರು ಅಥವಾ ಹೆಚ್ಚೆಂದರೆ ಎಂಟು ಬಾರಿ, ಪ್ರತಿ ಸಲ ಮುಕ್ಕಾಲು ಗಂಟೆ ಕುಳಿತು ಮಾತನಾಡುವ ವ್ಯವಸ್ಥೆಯನ್ನು, ಅಂದರೆ ಅಲ್ಪಾವಧಿಯ ವೈಯಕ್ತಿಕ ಆಪ್ತ ಸಮಾಲೋಚನೆಯನ್ನು, ಇಲಾಖೆ ತನ್ನ ಖಾಯಂ ಕೆಲಸಗಳಲ್ಲಿ ಒಂದಾಗಿ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಕೋರಿಕೆ.

ಕೋರಿಕೆಗೆ ಮುನ್ನ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಪಕ್ಕ ನಿಂತಳು. ಅದೇ ಕೋಣೆಯಲ್ಲಿ ಇನ್ನೂ ನಾಲ್ವರು ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದರು. ‘ಓದೋಕೆ ಆಗ್ತಿಲ್ಲ ಸರ್, ಪುಸ್ತಕ ತೆಗೆದ್ರೆ ಎದೆ ಡವಡವ ಅನ್ನುತ್ತೆ’ ಎಂದಳು. ನಾನು ಅವಳನ್ನು ಕೂರಿಸಿ ಸುಮಾರು ಇಪ್ಪತ್ತೈದು ನಿಮಿಷ ಮಾತನಾಡಿದೆ. ನಾನು ಓದುವಾಗ ಊರಿಗೆ ಕರೆಂಟು ಇರಲಿಲ್ಲವೆಂದೆ, ಮನಸ್ಸಿದ್ದರೆ ಮಾರ್ಗವೆಂದೆ, ಬೆಳಗಿನ ಜಾವ ಎದ್ದು ಓದು ಎಂದೆ. ಅವಳು ತಲೆಯಾಡಿಸಿ ‘ಸರಿ ಸರ್, ಥ್ಯಾಂಕ್ಸ್ ಸರ್’ ಎಂದು ಹೋದಳು. ಮುಂದಿನ ವಾರ ತರಗತಿಗೆ ಬರಲಿಲ್ಲ. ನಾನು ಕರ್ತವ್ಯವೆಂದು ಭಾವಿಸಿ ಅವಳ ತಂದೆಗೆ ಫೋನ್ ಮಾಡಿ, ಮಗಳು ಯಾಕೋ ಮಂಕಾಗಿದ್ದಾಳೆ, ಸ್ವಲ್ಪ ಗಮನಿಸಿ ಎಂದು ಹೇಳಿದೆ. ಆತ ಕೆಟ್ಟವರೇನಲ್ಲ. ಕಾಲೇಜಿಗೆ ಹೋಗುವ ಮಗಳು ಮಂಕಾಗಿದ್ದಾಳೆಂಬ ಮಾತಿಗೆ ಅವರಿಗೆ ತಿಳಿದಿದ್ದ ಅರ್ಥ ಒಂದೇ ಇತ್ತು. ಆಷಾಢ ಕಳೆದ ಮೇಲೆ ಅವಳ ಮದುವೆಯ ಕರೆಯೋಲೆ ಸ್ಟಾಫ್ ರೂಮಿಗೆ ಬಂತು. ಅವಳು ಆ ದಿನ ನಿಜಕ್ಕೂ ಏನನ್ನು ಹೇಳಲು ಬಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಆ ಇಪ್ಪತ್ತೈದು ನಿಮಿಷವೂ ಮಾತನಾಡಿದವನು ನಾನೇ.

ನಾಲ್ವರಿದ್ದ ಕೋಣೆಯಲ್ಲೇ ಕೂರಿಸಿದ್ದು, ಕೇಳಿಸಿಕೊಳ್ಳದೆ ನಾನೇ ಮಾತನಾಡಿದ್ದು, ತಂದೆಗೆ ಫೋನ್ ಮಾಡಿದ್ದು, ಹೀಗೆ ಆ ಹುಡುಗಿಯ ವಿಷಯದಲ್ಲಿ ನಾನು ಮಾಡಿದ ಮೂರು ತಪ್ಪುಗಳು ನನಗೆ ಹೆಸರಿಟ್ಟು ಅರ್ಥವಾದದ್ದು ಕೆಲವು ವರ್ಷಗಳ ನಂತರ, ಒಬ್ಬ ತರಬೇತಾದ ಆಪ್ತ ಸಮಾಲೋಚಕಿ ಒಂದು ಸೆಮಿಸ್ಟರ್ ಮಟ್ಟಿಗೆ ನಮ್ಮ ಕಾಲೇಜಿಗೆ ಬಂದಾಗ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಆಪ್ತ ಸಮಾಲೋಚನೆಯಲ್ಲಿ ಡಿಪ್ಲೊಮಾ ಮಾಡಿಕೊಂಡಿದ್ದ ಆಕೆಗೆ ಕಾಲೇಜು ಅಭಿವೃದ್ಧಿ ಸಮಿತಿಯ ನಿಧಿಯಿಂದ ಸಣ್ಣ ಗೌರವಧನ ಕೊಡಲು ಆ ವರ್ಷ ಹೇಗೋ ಒಪ್ಪಿಗೆ ಸಿಕ್ಕಿತ್ತು. ಕೋಣೆ ಕೇಳಿದರು. ಇರಲಿಲ್ಲ. ಕ್ರೀಡಾ ಸಾಮಗ್ರಿಯ ಉಗ್ರಾಣವನ್ನು, ಹರಿದ ವಾಲಿಬಾಲ್ ನೆಟ್ಟುಗಳನ್ನೂ ಲೇಜಿಮುಗಳನ್ನೂ ಒಂದು ಮೂಲೆಗೆ ಸರಿಸಿ ಕೊಟ್ಟೆವು. ಮೊದಲ ದಿನ ಆಕೆ ಮಾಡಿದ ಕೆಲಸ ನನಗೆ ವಿಚಿತ್ರವಾಗಿ ಕಂಡಿತು. ಬಾಗಿಲ ಹೊರಗೆ ನಾವು ಕಾಳಜಿಯಿಂದ ಹಾಕಿಸಿದ್ದ ಬೆಂಚನ್ನು ತೆಗೆಸಿದರು, ಏಕೆಂದರೆ ಅಲ್ಲಿ ಕುಳಿತವರು ಇಡೀ ಕಾರಿಡಾರಿಗೆ ಕಾಣುತ್ತಾರೆ. ಫಲಕವನ್ನೂ ತೆಗೆಸಿದರು. ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರಾಗಿ ಹಾಕದೆ ಸ್ವಲ್ಪ ಓರೆಯಾಗಿ ಇಟ್ಟರು. ಗಡಿಯಾರವನ್ನು ಇಬ್ಬರಿಗೂ ಕಾಣುವಂತೆ ತೂಗುಹಾಕಿದರು. ಹೆಸರು ಬರೆಸುವ ರಿಜಿಸ್ಟರ್ ಬೇಡವೆಂದರು. ವಿದ್ಯಾರ್ಥಿಗಳು ಸಂದೇಶ ಕಳಿಸಿ ಸಮಯ ಗೊತ್ತು ಮಾಡಿಕೊಳ್ಳತೊಡಗಿದರು. ತರಗತಿ ಮುಗಿದ ಮೇಲೆ ಬನ್ನಿ ಎಂದು ಆಕೆ ಯಾರಿಗೂ ಹೇಳುತ್ತಿರಲಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಮುಕ್ಕಾಲು ಪಾಲು ಹಳ್ಳಿಗಳಿಂದ ಬರುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಬಸ್ಸಿನ ಖರ್ಚು ಉಳಿಯಿತು ನಿಜ, ಆದರೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮನೆಯಲ್ಲಿ ವಿಚಾರಣೆ ನಡೆಯುವುದು ತಪ್ಪಲಿಲ್ಲ. ಆದ್ದರಿಂದ ಬಿಡುವಿನ ಪೀರಿಯಡ್‌ಗಳ ವೇಳಾಪಟ್ಟಿಯನ್ನು ತರಗತಿವಾರು ಬರೆದುಕೊಂಡು ಅದರೊಳಗೇ ಭೇಟಿಗಳನ್ನು ಹೊಂದಿಸಿದರು. ಸಮಾಲೋಚನೆ ಎಂಬುದು ಬಾಯಿಂದ ಆಡುವ ಮಾತಿಗೆ ಮೊದಲೇ ಕುರ್ಚಿ, ಬೆಂಚು, ಬಸ್ಸುಗಳ ಮಟ್ಟದಲ್ಲಿ ಶುರುವಾಗುತ್ತದೆಂದು ನನಗೆ ಆಗ ತಿಳಿಯಿತು.

ಯಾರು ಬಂದರು, ಏನು ಹೇಳಿದರು ಎಂಬುದನ್ನು ಆಕೆ ನನಗೆ ಎಂದೂ ಹೇಳಲಿಲ್ಲ. ನಾನು ಕೇಳಿದಾಗಲೂ ಹೇಳಲಿಲ್ಲ, ಇದನ್ನು ಮೆಚ್ಚುಗೆಯಿಂದಲೇ ಬರೆಯುತ್ತಿದ್ದೇನೆ. ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಮಾತ್ರ ವಿವರಿಸಿದರು. ಮೊದಲ ಭೇಟಿಯ ಆರಂಭದಲ್ಲೇ, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ ಎಂಬ ಭರವಸೆಯ ಜೊತೆಗೆ ಅದು ಮುರಿಯುವ ಸಂದರ್ಭಗಳನ್ನೂ ಬಿಡಿಸಿ ಹೇಳುತ್ತಿದ್ದರು: ನಿನ್ನ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರ ಜೀವಕ್ಕೆ ನಿನ್ನಿಂದ ಅಪಾಯವಿದ್ದರೆ, ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ನಾನು ಸುಮ್ಮನಿರಲಾರೆ, ಪೋಕ್ಸೊ ಕಾಯ್ದೆಯೂ ಸುಮ್ಮನಿರಲು ಬಿಡುವುದಿಲ್ಲ. ಪದವಿಯ ಮೊದಲ ವರ್ಷಕ್ಕೆ ಸೇರುವವರಲ್ಲಿ ಹದಿನೇಳರವರೂ ಇರುವುದರಿಂದ ಈ ಕೊನೆಯ ಮಾತು ನಮ್ಮ ಕಾಲೇಜುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಅನಂತರ ಒಂದು ಪ್ರಶ್ನೆ: ಆರು ಸಲ ಇಲ್ಲಿಗೆ ಬಂದ ಮೇಲೆ ನಿನ್ನ ದಿನದಲ್ಲಿ ಏನು ಬದಲಾಗಿದ್ದರೆ ಬಂದದ್ದಕ್ಕೂ ಸಾರ್ಥಕ ಅನ್ನಿಸುತ್ತದೆ? ಇದಕ್ಕೆ ಬರುವ ಉತ್ತರ, ಚೆನ್ನಾಗಿರಬೇಕು ಎಂಬ ಮಸುಕು ಮಾತಿನಿಂದ ಶುರುವಾಗಿ, ರಾತ್ರಿ ಹನ್ನೊಂದಕ್ಕೆ ನಿದ್ದೆ ಬರಬೇಕು, ಲ್ಯಾಬಿನಲ್ಲಿ ಬಾಯಿ ಬಿಟ್ಟು ಸಂಶಯ ಕೇಳುವಂತಾಗಬೇಕು ಎಂಬಷ್ಟು ಸ್ಪಷ್ಟವಾಗುವವರೆಗೆ ಆಕೆ ಬಿಡುತ್ತಿರಲಿಲ್ಲ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಇವತ್ತು ಎಲ್ಲಿದ್ದೀಯ ಎಂದು ಕೇಳುವುದು, ಮೂರು ಎಂದರೆ ಸೊನ್ನೆ ಯಾಕಾಗಲಿಲ್ಲ, ನಿನ್ನನ್ನು ಮೂರರಲ್ಲಿ ಹಿಡಿದಿಟ್ಟಿರುವುದು ಏನು ಎಂದು ಹುಡುಕಿಸುವುದು, ಮುಂದಿನ ವಾರದೊಳಗೆ ಮೂರನ್ನು ನಾಲ್ಕು ಮಾಡಬಲ್ಲ ಒಂದು ಸಣ್ಣ ಕೆಲಸವನ್ನು ಅವರ ಬಾಯಿಂದಲೇ ಹೊರಡಿಸುವುದು. ಕೊನೆಯ ಭೇಟಿಯಲ್ಲಿ, ಕಷ್ಟ ಮರಳಿ ಬಂದರೆ ಮೊದಲು ಕಾಣುವ ಲಕ್ಷಣಗಳೇನು, ಆಗ ಯಾರ ಬಳಿ ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಕಳಿಸುವುದು. ಇವೆಲ್ಲ ಆಕೆಯ ಸ್ವಂತ ಕಲ್ಪನೆಗಳಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ 1980ರ ದಶಕದಲ್ಲಿ ರೂಪಿಸಿದ, ಪರಿಹಾರದ ಕಡೆಗೆ ಗಮನವಿಡುವ ಅಲ್ಪಾವಧಿ ಚಿಕಿತ್ಸೆಯ ಪದ್ಧತಿಯಲ್ಲಿ ಇವು ಬರುತ್ತವೆ. ಉಗ್ರಾಣದ ಲೇಜಿಮುಗಳ ನಡುವೆಯೂ ಅವು ಕೆಲಸ ಮಾಡಿದವು.

ಒಬ್ಬ ಹುಡುಗ ತಾನಾಗಿ ನನಗೆ ಹೇಳಿಕೊಂಡದ್ದರಿಂದ, ಮತ್ತು ಬರೆಯಲು ಒಪ್ಪಿದ್ದರಿಂದ, ಅವನ ವಿಷಯ ಬರೆಯುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ, ಪದವಿಯಲ್ಲಿ ಹಠಾತ್ತಾಗಿ ಇಂಗ್ಲಿಷ್ ಪಠ್ಯ. ನಾಲ್ಕು ವಿಷಯ ಬ್ಯಾಕ್‌ಲಾಗ್ ಉಳಿದಿದ್ದವು. ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಕೆಲಸ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಕೆ. ಎಲ್ಲ ವಿಷಯಗಳೂ ಪಾಸಾಗಿವೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದ, ಆ ಸುಳ್ಳಿಗೆ ಒಂದು ವರ್ಷವಾಗಿತ್ತು. ಓದಿನ ಭಾರಕ್ಕಿಂತ ಆ ಸುಳ್ಳಿನ ಭಾರವೇ ಅವನನ್ನು ಹಿಂಡುತ್ತಿತ್ತೆಂಬುದು ಅವನಿಗೇ ಎರಡನೆಯ ಭೇಟಿಯಲ್ಲಿ ಹೊಳೆಯಿತಂತೆ. ಮೂರು ಮತ್ತು ನಾಲ್ಕನೆಯ ಭೇಟಿಗಳಲ್ಲಿ ತಂದೆಗೆ ಹೇಗೆ ಹೇಳುವುದು ಎಂಬುದನ್ನು, ಸಮಾಲೋಚಕಿಯೇ ತಂದೆಯ ಪಾತ್ರ ವಹಿಸಿ, ಬೈಗುಳ ಸಮೇತ ಅಭ್ಯಾಸ ಮಾಡಿಸಿದರು. ಹೇಳಿದ. ತಂದೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಬಂಕಿನ ಕೆಲಸ ವಾರಕ್ಕೆ ಮೂರು ರಾತ್ರಿಗೆ ಇಳಿಸು ಎಂದರು. ನಾಲ್ಕರಲ್ಲಿ ಮೂರು ವಿಷಯ ಮುಂದಿನ ಪರೀಕ್ಷೆಯಲ್ಲಿ ಪಾಸಾದವು, ಒಂದು ಇನ್ನೂ ಉಳಿದಿತ್ತು. ಅವನ ಬಡತನವನ್ನಾಗಲಿ ಇಂಗ್ಲಿಷ್ ಪಠ್ಯವನ್ನಾಗಲಿ ಆರು ಭೇಟಿಗಳು ಬದಲಿಸಲಿಲ್ಲ. ಅವನು ಕಾಲೇಜು ಬಿಡಲಿಲ್ಲ ಅಷ್ಟೆ. ನಾನಾಗಿದ್ದರೆ ಅವನಿಗೂ ಕರೆಂಟಿಲ್ಲದ ಊರಿನ ಕಥೆ ಹೇಳಿ ಕಳಿಸುತ್ತಿದ್ದೆ.

ಸೆಮಿಸ್ಟರ್ ಮುಗಿಯಿತು, ಗೌರವಧನ ಮುಂದುವರಿಸುವ ಸಭೆ ನಡೆಯಲೇ ಇಲ್ಲ, ಆಕೆ ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು. ಎರಡು ಮೂರು ಭೇಟಿಯಷ್ಟೇ ಆಗಿದ್ದ ಕೆಲವರು ‘ಮೇಡಂ ಇನ್ನು ಬರಲ್ವಾ ಸರ್?’ ಎಂದು ಕೇಳುತ್ತ ಬಂದರು. ಒಬ್ಬರೆದುರು ಎದೆ ಬಿಚ್ಚಿ ಅರ್ಧಕ್ಕೆ ನಿಂತವರು ಮತ್ತೊಬ್ಬರೆದುರು ಮತ್ತೆ ಬಿಚ್ಚುವುದು ಕಷ್ಟ. ಅತಿಥಿ ಉಪನ್ಯಾಸಕರ ಮಾದರಿಯಲ್ಲಿ ಈ ಹುದ್ದೆಯನ್ನೂ ತುಂಬಿ, ವರ್ಷವರ್ಷ ಆದೇಶಕ್ಕಾಗಿ ಕಾಯಿಸಿದರೆ ಹೀಗೆಯೇ ಆಗುತ್ತದೆ. ಪಾಠ ಅರ್ಧಕ್ಕೆ ನಿಂತರೆ ಪುಸ್ತಕವಾದರೂ ಇರುತ್ತದೆ.

ಇನ್ನು ಕಾನೂನಿನ ಮಾತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ನೀಡುತ್ತ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿತು. ಸೂಕ್ತ ಶಾಸನ ಬರುವವರೆಗೂ ಅವು ಜಾರಿಯಲ್ಲಿರಬೇಕು ಎಂದಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ತರಬೇತಿ ಹೊಂದಿದ ಒಬ್ಬ ಆಪ್ತ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನಾದರೂ ಹೊಂದಿರಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವಿಧ್ಯುಕ್ತ ಸಂಪರ್ಕ ಏರ್ಪಡಿಸಿಕೊಂಡಿರಬೇಕು, ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನಡೆಯಬೇಕು ಎಂಬುವು ಅವುಗಳಲ್ಲಿ ಸೇರಿವೆ. ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆಯ ಬಗ್ಗೆ ವರದಿ ನೀಡಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳಾಗಿದ್ದರು. ಈ ಅಂಕಿಯನ್ನು ಒಮ್ಮೆ ಬರೆದು ಮುಂದೆ ಹೋಗುತ್ತೇನೆ. ಸಾವಿನ ಅಂಚಿಗೆ ಬಂದವರಿಗಾಗಿ ಮಾತ್ರ ಸಮಾಲೋಚನೆ ಎಂಬ ಭಾವನೆ ಬೆಳೆದಷ್ಟೂ, ನಿದ್ದೆ ಬಾರದವರು, ಪ್ರೇಮ ಮುರಿದವರು, ಹಾಸ್ಟೆಲಿಗೆ ಹೊಂದಿಕೊಳ್ಳಲಾಗದವರು, ಲೋನ್ ಆ್ಯಪಿನ ಬೆದರಿಕೆಗೆ ಸಿಕ್ಕವರು ತಮ್ಮದು ಅಷ್ಟು ದೊಡ್ಡದಲ್ಲವೆಂದು ಬಾಗಿಲಿನವರೆಗೂ ಬರುವುದಿಲ್ಲ. ಅಲ್ಪಾವಧಿ ಸಮಾಲೋಚನೆ ಹೆಚ್ಚು ಫಲ ಕೊಡುವುದು ಇವರ ವಿಷಯದಲ್ಲೇ.

ಆರೆಂಟು ಭೇಟಿಗಳಲ್ಲಿ ಏನಾದೀತು ಎಂದು ಕೇಳುವವರಿಗೆ ಒಂದು ಹಳೆಯ ಅಧ್ಯಯನವನ್ನು ನೆನಪಿಸುತ್ತೇನೆ. ಅಮೆರಿಕದ ಕೆನೆತ್ ಹೊವಾರ್ಡ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 1986ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಂಟು ಭೇಟಿಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ ಅಳೆಯಬಹುದಾದ ಸುಧಾರಣೆ ಕಂಡಿತ್ತು, ಮುಕ್ಕಾಲು ಪಾಲು ಜನರಿಗೆ ಅದು ಕಾಣಲು 26 ಭೇಟಿಗಳು ಬೇಕಾದವು. ಅರ್ಥಶಾಸ್ತ್ರದ ಮೇಷ್ಟರಿಗೆ ಇದು ಪರಿಚಿತ ಪಾಠ: ಮೊದಲ ಕೆಲವು ಘಟಕಗಳ ಪ್ರಯೋಜನ ಹೆಚ್ಚು, ಅನಂತರದವುಗಳದ್ದು ಕ್ರಮೇಣ ಇಳಿಮುಖ. ಸೀಮಿತ ಹಣವನ್ನು ಹೆಚ್ಚು ಮಕ್ಕಳಿಗೆ ಹಂಚಬೇಕಾದಾಗ ಮೊದಲ ಎಂಟು ಭೇಟಿಗಳನ್ನು ಎಲ್ಲರಿಗೂ ಎಟಕುವಂತೆ ಮಾಡುವುದೇ ವಿವೇಕ. ಉಳಿದ ಅರ್ಧ ಜನರಿಗೆ ಮುಂದಿನ ದಾರಿ ಇರಬೇಕೆಂಬುದು ಅದೇ ಅಂಕಿಯ ಇನ್ನೊಂದು ಮುಖ. ಮಿತಿ ಇದೆಯೆಂದು ಮೊದಲೇ ಗೊತ್ತಿರುವುದರಿಂದ ವಿದ್ಯಾರ್ಥಿಗೂ ಒಂದು ಧೈರ್ಯ ಬರುತ್ತದೆಂದು ನಮ್ಮ ಸಮಾಲೋಚಕಿ ಹೇಳುತ್ತಿದ್ದರು. ‘ಚಿಕಿತ್ಸೆ’ ಎಂದರೆ ಬೆಚ್ಚುವ ಹುಡುಗ ‘ಆರು ಸಲ ಬಂದು ಹೋಗು’ ಎಂದರೆ ಬರುತ್ತಾನೆ.

ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸಲು ಅನುಮತಿ ಕೊಡಿ. ಒಬ್ಬ ಸಮಾಲೋಚಕರು ದಿನಕ್ಕೆ ಐದು ಭೇಟಿಗಿಂತ ಹೆಚ್ಚು ನಡೆಸಬಾರದು. ಆರನೆಯವರ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ವಾರಕ್ಕೆ ಐದು ದಿನವೆಂದರೆ 25 ಭೇಟಿ. ಹದಿನಾರು ವಾರಗಳ ಸೆಮಿಸ್ಟರಿಗೆ 400. ಒಬ್ಬೊಬ್ಬರಿಗೆ ಸರಾಸರಿ ಐದು ಎಂದು ಹಿಡಿದರೆ 80 ವಿದ್ಯಾರ್ಥಿಗಳು. ಸಾವಿರ ಮಕ್ಕಳಿರುವ ಕಾಲೇಜಿನಲ್ಲಿ ಇದು ನೂರಕ್ಕೆ ಎಂಟು. ಮೊದಲ ವರ್ಷಗಳಲ್ಲಿ ಇಷ್ಟು ಜನ ತಾವಾಗಿ ಬಂದರೆ ಅದೇ ದೊಡ್ಡದು. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ನ್ಯಾಯಾಲಯದ ಮಾತಿನಂತೆ ಅವುಗಳಲ್ಲಿ ನೂರು ವಿದ್ಯಾರ್ಥಿಗಳಿರುವ ಪ್ರತಿಯೊಂದಕ್ಕೂ ಒಬ್ಬರು ಬೇಕು. ಒಂದೇ ಸಲಕ್ಕೆ ಆಗದಿದ್ದರೆ ದೊಡ್ಡ ಕಾಲೇಜುಗಳಿಂದ ಮತ್ತು ಮಹಿಳಾ ಕಾಲೇಜುಗಳಿಂದ ಶುರುಮಾಡಿ, ಆದರೆ ಒಬ್ಬರನ್ನೇ ಏಳೆಂಟು ಕಾಲೇಜುಗಳಿಗೆ ಹಂಚಿ, ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ಹೋಗುವ ಸಂಚಾರಿ ವ್ಯವಸ್ಥೆ ಮಾತ್ರ ಮಾಡಬೇಡಿ. ವಾರವಾರ ಬಂದು ಕೂರಲಾಗದಿದ್ದರೆ ಅಲ್ಪಾವಧಿ ಸಮಾಲೋಚನೆ ಎಂಬ ಮಾತಿಗೇ ಅರ್ಥವಿಲ್ಲ.

ಉಪನ್ಯಾಸಕರಿಗೇ ನಾಲ್ಕು ದಿನ ತರಬೇತಿ ಕೊಟ್ಟು ಸಮಾಲೋಚಕರನ್ನಾಗಿಸಬಹುದಲ್ಲ ಎಂಬ ಸಲಹೆ ಕಡತಗಳಲ್ಲಿ ಖಂಡಿತ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ತರಬೇತಿ ಬೇಡವೆಂದು ಹೇಳುತ್ತಿಲ್ಲ. ಮಗುವಿನ ಮುಖ ಕಂದಿದ್ದನ್ನು ಮೊದಲು ಗಮನಿಸುವುದು ತರಗತಿಯಲ್ಲಿರುವ ಮೇಷ್ಟರೇ, ಗಮನಿಸಿ ಸರಿಯಾದ ಬಾಗಿಲಿಗೆ ಕಳಿಸುವಷ್ಟನ್ನು ನಾವೆಲ್ಲ ಕಲಿಯಲೇಬೇಕು. ಆದರೆ ಆಂತರಿಕ ಅಂಕ ಹಾಕುವ ಕೈ, ಶೇ 75 ಹಾಜರಿಯ ಪಟ್ಟಿಗೆ ಸಹಿ ಹಾಕುವ ಕೈ, ಸಮಾಲೋಚನೆಯ ಕೋಣೆಯಲ್ಲಿ ಇರಬಾರದು. ತನ್ನ ವಿಭಾಗದ ಉಪನ್ಯಾಸಕರ ವರ್ತನೆಯೇ ಸಂಕಟದ ಮೂಲವಾಗಿದ್ದರೆ ವಿದ್ಯಾರ್ಥಿನಿ ಅದನ್ನು ಅವರ ಸಹೋದ್ಯೋಗಿಯ ಎದುರು ಹೇಳುವಳೇ? ಜಾತಿಯ ಅವಮಾನವನ್ನು, ಹಾಸ್ಟೆಲಿನ ಕಿರುಕುಳವನ್ನು ಹೇಳುವಳೇ? ಅದೇ ಕಾರಣಕ್ಕೆ ಸಮಾಲೋಚಕರ ಟಿಪ್ಪಣಿಗಳು ಪ್ರಾಂಶುಪಾಲರ ಬೀರುವಿಗೆ ಹೋಗಬಾರದು, ನ್ಯಾಕ್ ಕಡತಕ್ಕಂತೂ ಕೂಡದು. ಎಷ್ಟು ಜನ ಬಂದರು, ಎಷ್ಟು ಭೇಟಿ ನಡೆಯಿತು ಎಂಬ ಅಂಕಿಗಳಷ್ಟೇ ಹೊರಗೆ ಬರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕೆಂದು ಗುರುತಿಸಿದೆ. ಕಾಲೇಜಿನ ಆವರಣದೊಳಗೆ ಆ ಹಕ್ಕು ಹೇಗೆ ಪಾಲನೆಯಾಗಬೇಕೆಂದು ಒಂದು ಪುಟದ ಸುತ್ತೋಲೆಯಲ್ಲಿ ಇಲಾಖೆ ಬಿಡಿಸಿ ಹೇಳಿದರೆ, ನನ್ನಂಥ ಸದುದ್ದೇಶದ ಮೇಷ್ಟರು ಮನೆಗೆ ಫೋನ್ ಮಾಡುವ ಮೊದಲು ಎರಡು ಸಲ ಯೋಚಿಸಿಯಾರು.

ಭಾಷೆಯ ವಿಷಯ ಸಣ್ಣದೆನಿಸಬಹುದು, ಆದರೆ ಅಭ್ಯರ್ಥಿಗಳನ್ನು ಆರಿಸುವಾಗ ಅದನ್ನು ಮರೆಯಬೇಡಿ. ನಮ್ಮ ಮಕ್ಕಳು ಖಿನ್ನತೆ, ಆತಂಕ ಎಂಬ ಪುಸ್ತಕದ ಪದಗಳಲ್ಲಿ ಮಾತನಾಡುವುದಿಲ್ಲ. ತಲೆ ಕೆಟ್ಟೋಗಿದೆ, ಏನೂ ಬೇಡ ಅನ್ನಿಸ್ತಿದೆ, ಹೊಟ್ಟೆಯೊಳಗೆ ಸಂಕಟ, ಯಾರ ಹತ್ರನೂ ಮಾತಾಡೋಕೆ ಮನಸ್ಸಿಲ್ಲ, ಸುಮ್ನೆ ಟೆನ್ಶನ್ ಎನ್ನುತ್ತಾರೆ. ‘ಏನೂ ಬೇಡ’ ಎಂಬ ಮಾತಿನ ಹಿಂದೆ ಬೇಸರವಿದೆಯೋ ಬದುಕೇ ಬೇಡವೆಂಬ ಭಾವವಿದೆಯೋ ಎಂಬುದನ್ನು ಅಲ್ಲೇ, ಆಗಲೇ, ಅದೇ ಆಡುಮಾತಿನಲ್ಲಿ ನೇರವಾಗಿ ಕೇಳಬಲ್ಲವರು ಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತೆ ಎಂಬ ಭಯ ಮೇಷ್ಟರುಗಳಲ್ಲಿ ವ್ಯಾಪಕವಾಗಿದೆ. ಅದು ಸುಳ್ಳೆಂದು, ಕೇಳುವುದರಿಂದ ಹೆಚ್ಚಿನವರಿಗೆ ನಿರಾಳವೇ ಆಗುತ್ತದೆಂದು ಈ ಕ್ಷೇತ್ರದ ಸಂಶೋಧನೆಗಳು ತೋರಿಸಿವೆ. ಗಡಿ ಜಿಲ್ಲೆಗಳಲ್ಲಿ, ಕರಾವಳಿಯಲ್ಲಿ, ತಾಂಡಾಗಳಿಂದ ಮಕ್ಕಳು ಬರುವ ಕಡೆಗಳಲ್ಲಿ ಕನ್ನಡದ ಜೊತೆಗೆ ಉರ್ದು, ತುಳು, ಲಂಬಾಣಿ, ತೆಲುಗು, ಮರಾಠಿ ಬಲ್ಲವರಿಗೆ ಆದ್ಯತೆ ಇರಲಿ. ನಮ್ಮ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯ ವಿಭಾಗಗಳಿಂದ ಪ್ರತಿ ವರ್ಷ ಹೊರಬರುವ ಹಳ್ಳಿಯ ಹುಡುಗ ಹುಡುಗಿಯರಲ್ಲೇ ಇಂಥವರು ಸಿಗುತ್ತಾರೆ. ಅವರಿಗೆ ಇಂದು ಹುದ್ದೆಗಳಿಲ್ಲ. ಆದರೆ ಪದವಿಯೊಂದೇ ಸಾಲದು. ಕೆಲಸಕ್ಕೆ ಸೇರುವ ಮುನ್ನ ಕೆಲವು ತಿಂಗಳ ಮೇಲ್ವಿಚಾರಿತ ಅಭ್ಯಾಸ, ಸೇರಿದ ಮೇಲೆ ತಿಂಗಳಿಗೊಮ್ಮೆಯಾದರೂ ಹಿರಿಯ ತಜ್ಞರೊಬ್ಬರೊಂದಿಗೆ ಕುಳಿತು ತಮ್ಮ ಕಷ್ಟದ ಪ್ರಕರಣಗಳನ್ನು ಚರ್ಚಿಸುವ ಏರ್ಪಾಡು ಬೇಕೇ ಬೇಕು. ದಿನಕ್ಕೆ ಐವರ ಸಂಕಟ ಕೇಳುವವರ ಸಂಕಟವನ್ನು ಕೇಳುವವರೂ ಒಬ್ಬರಿರಬೇಕಲ್ಲ.

ಆರು ಭೇಟಿಗಳಿಗೆ ಸಿಗದ ಸಂಗತಿಗಳಿವೆ. ಇಲ್ಲದ ದನಿಗಳು ಕೇಳಿಸುತ್ತಿರುವ ಹುಡುಗನಿಗೆ, ಊಟ ನಿದ್ದೆ ಬಿಟ್ಟು ವಾರಗಟ್ಟಲೆ ಮಂಚ ಹಿಡಿದ ಹುಡುಗಿಗೆ, ಕುಡಿತ ಗಾಂಜಾಗಳ ಹಿಡಿತಕ್ಕೆ ಸಿಕ್ಕವರಿಗೆ, ಒಮ್ಮೆ ಸಾಯಲು ಯತ್ನಿಸಿದವರಿಗೆ ಮನೋವೈದ್ಯರು ಬೇಕು, ದೀರ್ಘ ಕಾಲ ಬೇಕು. ಇಲ್ಲಿ ಕರ್ನಾಟಕಕ್ಕೆ ಬೇರೆ ರಾಜ್ಯಗಳಿಗಿಲ್ಲದ ಒಂದು ಅನುಕೂಲವಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಅದರ ಸಂಖ್ಯೆ 14416, ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರವೂ ನಿಮ್ಹಾನ್ಸೇ. ಇಷ್ಟೆಲ್ಲ ಇದ್ದೂ ಕಾಲೇಜಿನಿಂದ ಅರ್ಧ ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆಗೆ ನನ್ನ ಒಂಬತ್ತು ವರ್ಷಗಳಲ್ಲಿ ಕೋಶದ ಮೂಲಕ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಳಿಸಲಿಲ್ಲ, ಏಕೆಂದರೆ ಯಾರನ್ನು ಯಾವಾಗ ಕಳಿಸಬೇಕೆಂದು ನನಗೆ ತಿಳಿದಿರಲಿಲ್ಲ, ಮಂಗಳವಾರದ ವಿಷಯವೂ ತಿಳಿದಿರಲಿಲ್ಲ. ನಮ್ಮ ಸಮಾಲೋಚಕಿ ಬಂದ ಎರಡನೆಯ ವಾರವೇ ಅಲ್ಲಿಗೆ ಹೋಗಿ ವೈದ್ಯರನ್ನು ಭೇಟಿಯಾಗಿ ಬಂದಿದ್ದರು.

ಕಾಯಂ ಉಪನ್ಯಾಸಕರೇ ಇಲ್ಲದ ಕಾಲೇಜುಗಳಿಗೆ ಸಮಾಲೋಚಕರು ಯಾಕೆ ಎಂದು ನನ್ನ ಅತಿಥಿ ಉಪನ್ಯಾಸಕ ಮಿತ್ರರೊಬ್ಬರು ಈ ಪತ್ರದ ಕರಡನ್ನು ಓದಿ ಕೇಳಿದರು. ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಖಾಲಿ ಹುದ್ದೆಗಳು ತುಂಬಬೇಕು, ತಡವಾಗುವ ಫಲಿತಾಂಶ, ತಪ್ಪು ಬರುವ ಅಂಕಪಟ್ಟಿ, 2021ರಲ್ಲಿ ನಾಲ್ಕು ವರ್ಷದ ಪದವಿ ಎಂದು ತಂದು 2024ರಲ್ಲಿ ಮೂರು ವರ್ಷಕ್ಕೆ ಮರಳಿದ ಗೊಂದಲ, ಇವೆಲ್ಲ ಇಲಾಖೆಯೇ ಮಕ್ಕಳ ತಲೆಯ ಮೇಲೆ ಇಟ್ಟ ಹೊರೆಗಳು. ಆ ಹೊರೆ ಹಾಗೆಯೇ ಇರಲಿ, ಉಸಿರಾಟದ ಅಭ್ಯಾಸ ಮಾಡಿಕೊಳ್ಳಿ ಎನ್ನಲು ಸಮಾಲೋಚಕರನ್ನು ನೇಮಿಸುವುದಾದರೆ ನೇಮಿಸದಿರುವುದೇ ಮೇಲು. ಆದರೆ ಅನುಭವದಲ್ಲಿ ಕಂಡದ್ದು ಬೇರೆ. ಒಂದೇ ಸೆಮಿಸ್ಟರಿನಲ್ಲಿ, ಯಾರ ಹೆಸರನ್ನೂ ಹೇಳದೆ, ನಮ್ಮ ಸಮಾಲೋಚಕಿ ಪ್ರಾಂಶುಪಾಲರಿಗೆ ಮೂರು ಸಂಗತಿ ಬರೆದುಕೊಟ್ಟರು. ಮೊದಲ ವರ್ಷದವರಿಗೆ ಇಂಗ್ಲಿಷ್ ಪಠ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ತರಗತಿ ಬೇಕು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಹಾಕಿಸಬೇಕು, ಶುಲ್ಕ ಬಾಕಿಯವರ ಹೆಸರನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದನ್ನು ನಿಲ್ಲಿಸಬೇಕು. ಹತ್ತಾರು ಮಕ್ಕಳು ಬೇರೆ ಬೇರೆಯಾಗಿ ಹೇಳಿದ್ದು ಒಂದು ಕಡೆ ಕೂಡಿದಾಗ ಕಾಲೇಜಿಗೆ ತನ್ನ ಮುಖ ಕಾಣುತ್ತದೆ. ಚಿಲಕ ಆ ವಾರವೇ ಬಂತು.

ಆದ್ದರಿಂದ ತಾವು ದಯವಿಟ್ಟು, ಮುಂದಿನ ಶೈಕ್ಷಣಿಕ ವರ್ಷದ ಆಯವ್ಯಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಆಪ್ತ ಸಮಾಲೋಚಕರ ಹುದ್ದೆಗಳನ್ನು, ಕನಿಷ್ಠ ಮೂರು ವರ್ಷಗಳ ಅಡೆತಡೆಯಿಲ್ಲದ ಅವಧಿಗೆ, ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಸೃಜಿಸಬೇಕೆಂದು ಕೋರುತ್ತೇನೆ. ಪ್ರತಿ ವಿದ್ಯಾರ್ಥಿಗೂ ವರ್ಷಕ್ಕೆ ಎಂಟು ಭೇಟಿಗಳವರೆಗೆ ಉಚಿತವಾಗಿ, ಯಾರ ಶಿಫಾರಸೂ ಇಲ್ಲದೆ, ಸಿಗುವಂತಿರಲಿ. ಎಂಟನೆಯ ಭೇಟಿಯ ನಂತರವೂ ಬೇಕಾದವರನ್ನು ಕೈಬಿಡದೆ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ತಲುಪಿಸುವ ಹೊಣೆ ಸಮಾಲೋಚಕರದ್ದಾಗಿರಲಿ. ಇದಕ್ಕಾಗಿ ಆರೋಗ್ಯ ಇಲಾಖೆಯೊಂದಿಗೆ ಲಿಖಿತ ಒಪ್ಪಂದವಾಗಲಿ. ಹುದ್ದೆಗಳಿಗೆ ಹಣಕಾಸು ಇಲಾಖೆಯ ಒಪ್ಪಿಗೆ ಬರಲು ಸಮಯ ಹಿಡಿಯಬಹುದೆಂದು ಬಲ್ಲೆ. ಆದರೆ ಪ್ರತಿ ಕಾಲೇಜಿನಲ್ಲೂ ಒಳಗಿನಿಂದ ಮುಚ್ಚಬಹುದಾದ ಬಾಗಿಲಿರುವ, ಹೊರಗೆ ಬೆಂಚಿಲ್ಲದ, ಕಾರಿಡಾರಿಗೆ ನೇರ ಕಾಣದ ಒಂದು ಸಣ್ಣ ಕೋಣೆಯನ್ನು ಗುರುತಿಸಿಡಿ ಎಂದು ಪ್ರಾಂಶುಪಾಲರಿಗೆ ಬರೆಯಲು ಯಾವ ಒಪ್ಪಿಗೆಯೂ ಬೇಕಿಲ್ಲ. ಆ ಸುತ್ತೋಲೆಯನ್ನು ಈ ಸೆಮಿಸ್ಟರ್ ಮುಗಿಯುವುದರೊಳಗೆ ಹೊರಡಿಸಿ. ನಮ್ಮ ಕಾಲೇಜಿನ ಆ ಉಗ್ರಾಣಕ್ಕೆ ವಾಲಿಬಾಲ್ ನೆಟ್ಟುಗಳು ಮರಳಿ ಬಂದಿವೆಯೆಂದು ಕೇಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಸಹ ಪ್ರಾಧ್ಯಾಪಕ